ಏಣಿ ಇಡಿ, ಜಯಪ್ಪನವರೇ

"ಲೈನಿನ ಜಾತಿ ಮರ ಹತ್ತೋದು ಮೆಣಸು ಇಳ್ಸಕ್ಕೆ ಕಣೇ, ಡಿಗ್ರಿ ಇಳ್ಸಕ್ಕಲ್ಲ! ಇಳಿಯೇ ಕೆಳಕ್ಕೆ, ಮುಂಡೇದೆ!"

ರೈಟರ್ ಜಯಪ್ಪ ಸಿಲ್ವರ್ ಮರದ ಬುಡದಲ್ಲಿ ನಿಂತು ಕತ್ತು ಮೇಲೆತ್ತಿ ಕೂಗುತ್ತಿದ್ದ. ತೋಟದ ಕೆಲಸಕ್ಕೂ ಕೆಲಸದವರಿಗೂ ಅವನದೇ ಮೇಲುಸ್ತುವಾರಿ. ಮರದ ಕವಲಿನಲ್ಲಿ ಸಣ್ಣಸ್ವಾಮಿಯ ಮಗಳು ಯಮುನಾ ಅಪ್ಪನ ಹಗ್ಗವನ್ನು ಸೊಂಟಕ್ಕೆ ಬಿಗಿದುಕೊಂಡು ಕೂತಿದ್ದಳು. ಎದುರಿಗೆ ಮೆಣಸಿನ ಬಳ್ಳಿಗೆ ಸಿಕ್ಕಿಸಿದ ಫೋನು.

ನಾವು ಹೆಂಗಸರು ಪಕ್ಕದಲ್ಲೇ ಕಾಫಿ ಕುಯ್ಯುತ್ತಿದ್ದೆವು. ಕೈ ನಿಲ್ಲಿಸಲಿಲ್ಲ, ಕಿವಿ ಮಾತ್ರ ಅಲ್ಲಿಟ್ಟಿದ್ದೆವು.

ಸೋಮವಾರಪೇಟೆ ಕಡೆಯ ಈ ಗುಡ್ಡಕ್ಕೆ ದೇವರು ಏನು ಕಡಿಮೆ ಮಾಡಿದ್ದಾನೆ? ಮಂಜು ಕೊಟ್ಟ, ಒರತೆ ಕೊಟ್ಟ, ಜಿಗಣೆಯನ್ನೂ ಮರೆಯದೆ ಕೊಟ್ಟ. ನೆಟ್‌ವರ್ಕನ್ನು ಮಾತ್ರ ಎರಡೇ ಜಾಗದಲ್ಲಿ ಇಟ್ಟ. ಒಂದು, ತೋಟದ ಒಡೆಯರಾದ ಸಾವ್ಕಾರ್ ಶಿವಶಂಕರಪ್ಪನವರ ಬಂಗಲೆ. ಇನ್ನೊಂದು, ಈ ಮರದ ಮೇಲುಗಡೆ. ಬಂಗಲೆಗೆ ನಮಗೆ ಹಿಂಬಾಗಿಲು, ಅದೂ ತಲೆಯ ಮೇಲೆ ಸೌದೆ ಇದ್ದರೆ. ಮರ ಯಾರನ್ನೂ ಹಿಂಬಾಗಿಲಿಗೆ ಕಳಿಸುವುದಿಲ್ಲ. ಯಮುನಾ ಅದರ ಬುಡಕ್ಕೆ ಕೈಮುಗಿದೇ ಹತ್ತಿದ್ದಳು.

ಅವಳು ಪೇಟೆಯ ಕಾಲೇಜಿನಲ್ಲಿ ಬಿ.ಎ. ಓದುತ್ತಾಳೆ. ಈ ವರ್ಷ ಅಲ್ಲಿ ಅರ್ಧ ಪಾಠ ಆ್ಯಪಿನೊಳಗೆ ಹೋಗಿ ಕೂತಿತು. ಪರದೆಯಲ್ಲಿ ಮುಖ ಕಂಡರೆ ಹಾಜರಿ, ಕಾಣದಿದ್ದರೆ ಗೈರು. ಕೂಲಿಯವರಿಗೆಂದು ತೋಟದವರು ಸಾಲಾಗಿ ಕಟ್ಟಿಸಿದ ನಮ್ಮ ಲೈನ್ ಮನೆಯಲ್ಲಿ ಕೂತರೆ ಮುಖ ಕಾಣುವುದಿಲ್ಲ, ಒಂದು ಚಕ್ರ ಸುತ್ತುತ್ತಲೇ ಇರುತ್ತದೆ. ಹಾಜರಿ ಸಾಲದು, ಪರೀಕ್ಷೆಗೆ ಹಾಲ್ ಟಿಕೆಟ್ ಇಲ್ಲ ಎಂದರು. ಕೊನೆಗೆ ಪ್ರಿನ್ಸಿಪಾಲರೇ ಒಂದು ದಾರಿ ಹುಡುಕಿದರು. ಆ್ಯಪಿಗೆ ದುಡ್ಡು ಕೊಟ್ಟ ಮಹಾದಾನಿಗೆ ಕಾಲೇಜಿನಲ್ಲಿ ಸನ್ಮಾನ. ಬಡ ವಿದ್ಯಾರ್ಥಿನಿಯೊಬ್ಬಳು ಮನೆಯಿಂದಲೇ, ಆ್ಯಪಿನಲ್ಲೇ ವಂದನಾರ್ಪಣೆ ಮಾಡಬೇಕು. ಸಭೆಯ ದೊಡ್ಡ ಪರದೆಯಲ್ಲಿ ಅದು ಕಾಣಬೇಕು, ಜನ ಆ್ಯಪಿನ ಮಹಿಮೆ ನೋಡಬೇಕು. ಮಾಡಿದರೆ ಹಾಲ್ ಟಿಕೆಟ್.

ಆ ಮಹಾದಾನಿ ನಮ್ಮ ಶಿವಶಂಕರಪ್ಪನವರೇ. ಪೇಟೆಯಲ್ಲಿ ಸಭೆ ಆಗಲೇ ಶುರುವಾಗಿತ್ತು.

"ಸಾವ್ಕಾರ್ರಿಗೆ ವಂದನೆ ಹೇಳಕ್ಕೇ ಹತ್ತಿರೋದು, ರೈಟರ್ರೆ," ಯಮುನಾ ಮೇಲಿಂದ ಹೇಳಿದಳು.

"ನಿನ್ ವಂದನೆ ಇಲ್ದೆ ಅವ್ರಿಗೆ ಉಂಡಿದ್ದು ಸೇರಲ್ವೇನೋ! ಲೇ ಸಣ್ಣಸ್ವಾಮಿ! ತೆಗಿಯೋ ಏಣಿ."

ಸಣ್ಣಸ್ವಾಮಿ ಮೆಣಸು ಕುಯ್ಯುವವನು. ಒಂಟಿ ಬಿದಿರಿನ ಆ ಏಣಿ ತೋಟದ್ದು. ಆದರೆ ಕುಯ್ಲಿನ ಮೊದಲ ದಿನ ಅದಕ್ಕೆ ಕುಂಕುಮ ಇಟ್ಟು ಕಣ್ಣಿಗೊತ್ತಿಕೊಳ್ಳುವವನು ಅವನು.

"ಮಗು ಮೇಲೈತೆ ರೈಟರ್ರೆ."

"ಅದ್ಕೇ ತೆಗಿ ಅಂದಿದ್ದು. ಸಾಯಂಕಾಲದ ತನ್ಕ ಕೋತಿ ಥರ ಕೂತಿರ್ಲಿ, ಬುದ್ಧಿ ಬತ್ತದೆ. ಏಣಿ ತೆಗಿತೀಯೋ, ಲೈನ್ ಮನೆ ಬಿಡ್ತೀಯೋ?"

ಸಣ್ಣಸ್ವಾಮಿ ಏಣಿಯನ್ನು ತಬ್ಬಿಕೊಂಡು ನಿಂತ. ಜಯಪ್ಪ ಅವನ ಎದೆಗೆ ಕೈಕೊಟ್ಟು ನೂಕಿದ. ಬಿದ್ದವನ ಅಂಗೈಯನ್ನು ಬೂಟಿನಲ್ಲಿ ತುಳಿದು, ಏಣಿ ಕಿತ್ತು ಹೆಗಲಿಗೇರಿಸಿದ.

ಏಣಿ ಹೊತ್ತು ಅಭ್ಯಾಸವಿದ್ದರೆ ತಾನೆ? ಮುಂದಿನ ತುದಿ ಆಕಾಶ ನೋಡಿದರೆ ಹಿಂದಿನದು ಗಿಡಕ್ಕೆ ಸಿಕ್ಕಿತು. ತಿರುಗಿದರೆ ಎರಡೂ ಸಿಕ್ಕಿದವು. ಹಣ್ಣು ತುಂಬಿದ ಕೊಂಬೆಗಳು ಲಟಲಟ ಮುರಿದವು. ನಾವು ಒಂದು ಕೊಂಬೆ ಮುರಿದಿದ್ದರೆ ಆ ದಿನದ ಕೂಲಿ ಇಲ್ಲ.

"ಏನಾಯ್ತಾ ಐತಮ್ಮಿ ಫೋನಲ್ಲಿ?" ಯಮುನಾಳ ತಾಯಿ ಮುತ್ತಮ್ಮ ಬುಟ್ಟಿ ಬಿಸಾಡಿ ಓಡಿಬಂದು ಕೂಗಿದಳು.

"ಸಾವ್ಕಾರ್ರಿಗೆ ಪೇಟ ಇಡ್ತಾವ್ರೆ ಕಣವ್ವ. ತಾಳು, ನನ್ ಹೆಸ್ರು ಕರುದ್ರು!"

ಯಮುನಾ ದುಪಟ್ಟ ಸರಿಮಾಡಿಕೊಂಡಳು. ಕಾಲೇಜಿನವರು ಬರೆದುಕೊಟ್ಟ ಚೀಟಿಯನ್ನು ಗಾಳಿಗೆ ಬಿಟ್ಟಳು.

"ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ನೆಟ್‌ವರ್ಕ್ ಇಲ್ಲದ ಕಾರಣ ಮರದ ಮೇಲಿಂದ ಮಾತಾಡುತ್ತಿದ್ದೇನೆ. ಮರ ಮಾನ್ಯ ಶಿವಶಂಕರಪ್ಪನವರದು, ಅವರಿಗೆ ವಂದನೆಗಳು. ನಾನು ಹತ್ತಿದ ಏಣಿಯನ್ನು ಅವರ ರೈಟರ್ ಜಯಪ್ಪ ಈಗ ಹೊತ್ತುಕೊಂಡು ಹೋಗುತ್ತಿದ್ದಾರೆ, ಅವರಿಗೂ ವಂದನೆಗಳು. ತಾವೆಲ್ಲ ನೋಡಬಹುದು."

ಫೋನನ್ನು ಕೆಳಕ್ಕೆ ತಿರುಗಿಸಿದಳು.

ಪೇಟೆಯ ಪರದೆಯಲ್ಲಿ ಏನು ಕಂಡಿತೋ, ನಮಗೆ ಕಂಡದ್ದೇ ಕಂಡಿರಬೇಕು. ಗಿಡಗಳ ನಡುವೆ ತೂರಾಡುವ ಒಂದು ಏಣಿ, ಅದರಡಿಗೆ ಒಂದು ಟೋಪಿ, ನೆಲದಲ್ಲಿ ಕೈ ಒತ್ತಿಕೊಂಡು ಕೂತ ಒಬ್ಬ ಅಪ್ಪ.

"ಹುಡುಗ್ರು ನಗ್ತಾವ್ರೆ ಕಣವ್ವ! ಕಟ್ ಮಾಡಿ, ಕಟ್ ಮಾಡಿ ಅಂತವ್ರೆ ಪ್ರಿನ್ಸಿಪಾಲ್ರು. ಅಭಿಲಾಷ್ ಸಾರ್ ಬಟನ್ ಹುಡುಕ್ತಾನೇ ಅವ್ರೆ."

ಅಭಿಲಾಷ್ ಕಂಪ್ಯೂಟರ್ ಕಲಿಸುವ ಅತಿಥಿ ಉಪನ್ಯಾಸಕ. ಅವನಿಗೇ ಬಟನ್ ಸಿಗದೆ ಹೋದದ್ದು ಸಂಬಳ ಬಾರದ ಸಂಕಟಕ್ಕೋ, ಭಗವಂತನ ಇಚ್ಛೆಗೋ, ನಾವರಿಯೆವು.

ಅಷ್ಟರಲ್ಲಿ ಸಾವ್ಕಾರ್ರು ಮೈಕು ಹಿಡಿದರಂತೆ. ಯಮುನಾ ಫೋನಿನ ಸದ್ದು ಪೂರ್ತಿ ಏರಿಸಿದಳು. ಮರದ ಮೇಲಿಂದ ಅಶರೀರವಾಣಿ ಇಳಿಯಿತು:

"ಜಯಪ್ಪನವರೇ, ದಯವಿಟ್ಟು ಏಣಿ ಇಡಿ. ಮಗು ಕೆಳಗೆ ಬರಲಿ."

ಜಯಪ್ಪ ನಿಂತ. "ಯಾವನ್ಲಾ ಅದು?"

"ಸಾವ್ಕಾರ್ರು," ಎಂದಳು ಮುತ್ತಮ್ಮ.

"ನಿಮ್ಮಜ್ಜಿ! ಮದ್ವೆಗೆ ಮುಂಚಿಂದ ಅವ್ರ ಅನ್ನ ತಿಂತಾ ಇದೀನಿ. ಒಂದಿನಾನೂ ನನ್ನ ಜಯಪ್ಪನವರೇ ಅಂದೋರಲ್ಲ. ಯಾವನ್ ಕೈಲೋ ಮಾತಾಡ್ಸಿ ನನ್ಗೇ ಟೋಪಿ ಹಾಕ್ತೀರೇನ್ರೇ?"

"ಜಯಪ್ಪನವರೇ, ಕೈಮುಗಿದು ಕೇಳುತ್ತೇನೆ..."

"ಕೈ ಬೇರೆ ಮುಗಿತಾನಂತೆ! ನಾಟಕದೋನೇ ಇರ್ಬೇಕು." ಜಯಪ್ಪ ಮರದತ್ತ ಮುಖ ಎತ್ತಿ ಗಂಟಲು ಹರಿಯುವಂತೆ ಕೂಗಿದ, "ಫೋನ್ ಮಡುಗೋ ಭಿಕಾರಿ!"

ಮರ ಮೈಕಿನಂತೆ ಒಮ್ಮೆ ಕಿರ್ರೆಂದಿತು. ಆಮೇಲೆ ಗುಡುಗಿತು:

"ಏಣಿ ಇಡೋ ಸೂಳೇಮಗನೇ! ಆ ಲೈನಿನ ಹಡಬೇನ ಮೊದ್ಲು ಇಳ್ಸು, ಅವಳಪ್ಪನ್ನ ಆಮೇಲೆ ನೋಡ್ಕತೀನಿ!"

ಜಯಪ್ಪನ ಮುಖದಲ್ಲಿ ದರ್ಶನವಾದ ಭಕ್ತನ ಕಳೆ ಬಂತು.

"ಅಯ್ಯೋ, ಸಾವ್ಕಾರ್ರೇ ಕಣ್ಲಾ!"

ಏಣಿ ಸಮೇತ ಓಡಿಬಂದ. ಬಿದಿರು ಮರಕ್ಕೆ ತಾಗಿತು. ಯಮುನಾ ಇಳಿಯಲಿಲ್ಲ. ಮೇಲಿಂದಲೇ ಕೇಳಿದಳು.

"ಹಾಲ್ ಟಿಕೆಟ್ ಹೋಯ್ತು ಅಲ್ವಾ ಅಪ್ಪ?"

"ಹೋದಂಗೇ."

"ಮನೆನೂ ಬಿಡುಸ್ತಾರಾ?"

ಸಣ್ಣಸ್ವಾಮಿ ಊದಿದ ಕೈಗೆ ಟವಲು ಸುತ್ತಿಕೊಂಡು ಎದ್ದ.

"ಬಿಡುಸ್ಲಿ ಬುಡು. ಬ್ಯಾಟ್ರಿ ಐತಾ?"

"ಐತೆ."

"ಅವ್ರು ಇನ್ನೂ ನೋಡ್ತಾವ್ರಾ?"

"ಅಭಿಲಾಷ್ ಸಾರ್‌ಗೆ ಬಟನ್ ಸಿಕ್ಕಿಲ್ಲ."

"ಹಂಗಾರೆ ಅಲ್ಲಿಂದ್ಲೇ ಕಾಣೋ ನಮ್ ಲೈನ್ ತೋರ್ಸು. ಬಾಗ್ಲಿಲ್ದಿರೋ ಕಕ್ಕಸ್ಸಿಂದ ಶುರು ಮಾಡು."

ಬಿಟ್ಟರೆ ಬೀಳುತ್ತದೆಂದು ಜಯಪ್ಪ ಏಣಿ ಹಿಡಿದೇ ನಿಂತಿದ್ದ. ನಾವು ಕಾಫಿ ಕುಯ್ಯುವ ಕೈ ನಿಲ್ಲಿಸಿದೆವು.