ನೀರೊಳಗಿನ ಊರು ತೋರಿಸಿದ ಕಾರ್ಡು

ಅಂದು ಬೆಳಗ್ಗೆ ಮೋಡ ಮುಸುಕಿತ್ತು. ಎಲೆ ಅಲುಗುವಷ್ಟು ಗಾಳಿಯೂ ಇಲ್ಲದೆ ಬಾಗಲಕೋಟೆಯ ಪೇಟೆ ಬೆವರುತ್ತಿತ್ತು. ನಾನು ಅಂಗಡಿಯೊಂದರ ಗಾಜಿನ ಕಪಾಟಿನಲ್ಲಿದ್ದೆ. ನಾನೊಂದು ಗ್ರಾಫಿಕ್ಸ್ ಕಾರ್ಡು. ಕಂಪ್ಯೂಟರಿಗೆ ಚಿತ್ರ ಕಟ್ಟಿಕೊಡುವುದು ನನ್ನ ಕೆಲಸ. ಹುಟ್ಟಿದ್ದು ಕಡಲಾಚೆಯ ಕಾರ್ಖಾನೆಯಲ್ಲಿ. ಮೈಮೇಲೆ ಎರಡು ಫ್ಯಾನು, ಅಂಚಿಗೆ ಬಂಗಾರದ ಬಣ್ಣದ ಹಲ್ಲು. ಯಾರ ಮನೆಯ ಋಣವೋ ಶಿವನೇ ಬಲ್ಲ ಎಂದು ಕಾಯುತ್ತಿದ್ದೆ.

ಕೊರಳಲ್ಲಿ ಟೇಪು ಹಾಕಿಕೊಂಡೇ ದರ್ಜಿ ಈರಪ್ಪ ಬಂದ.

“ನಮ್ಮ ಕಂಪ್ಯೂಟರ್ ಪೆಟ್ಟಿಗಿ ಒಳಗ ಹನ್ನೊಂದು ಇಂಚು ಜಾಗ ಐತಿ. ಅರ್ಧ ಇಂಚು ಸಡಿಲ ಇರಲಿ,” ಎಂದ.

ಅಂಗಡಿಯ ರಫೀಕ್ ನಕ್ಕ. “ಅಂಗಿ ಹೊಲಸಾಕ ಬಂದೀರೇನ್ರಿ ಕಾಕಾ? ಕರೆಂಟಿನ ಡಬ್ಬಿ ಎಷ್ಟು ವ್ಯಾಟಿಂದೈತಿ, ಅದನ್ನ ಹೇಳ್ರಿ.”

“ಕರೆಂಟು ಬರತೈತಿ, ಹೋಗತೈತಿ. ನೀ ಅಳತಿ ಕೊಡಪಾ.”

ನನ್ನನ್ನು ಉದ್ದಕ್ಕೆ, ಅಡ್ಡಕ್ಕೆ, ದಪ್ಪಕ್ಕೆ ಅಳೆದ. ಇಷ್ಟು ಭಕ್ತಿಯಿಂದ ನನ್ನನ್ನು ಯಾರೂ ಮುಟ್ಟಿರಲಿಲ್ಲ.

ಈರಪ್ಪನ ಮಗಳು ಶೈಲಾ ಮನೆಗಳ ನಕ್ಷೆ ಬರೆಯುವವಳು. ಅವರ ಹಳೆಯ ಊರು ಆಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತ್ತು. ಹಿರಿಯರನ್ನು ಕೇಳಿ ಕೇಳಿ ಅವಳು ಆ ಊರನ್ನು ಓಣಿ ಓಣಿಯಾಗಿ ಕಂಪ್ಯೂಟರಿನಲ್ಲಿ ಕಟ್ಟುತ್ತಿದ್ದಳು. ಆದರೆ ಹಳೆಯ ಯಂತ್ರ ಊರ ಹೆಬ್ಬಾಗಿಲಾದ ಅಗಸಿಯಲ್ಲೇ ನಿಂತುಬಿಡುತ್ತಿತ್ತು. ಅವಳ ಅಜ್ಜಿ ಗಂಗವ್ವನಿಗೆ ಒಂದು ಕಣ್ಣು ಹೋಗಿತ್ತು. ಇನ್ನೊಂದರ ಬೆಳಕೂ ಬಹಳ ದಿನ ಉಳಿಯದೆಂದು ಡಾಕ್ಟರು ಹೇಳಿದ್ದರು.

“ಲಗೂನ ತೋರಸ, ಯವ್ವಾ,” ಎನ್ನುತ್ತಿದ್ದಳು ಮುದುಕಿ.

ಪೆಟ್ಟಿಗೆಯೊಳಗೆ ನಾನು ಅಳತೆಗೆ ಹೊಲಿದ ಅಂಗಿಯಂತೆ ಕೂತೆ. ಅಗಸಿ ತೆರೆಯಿತು, ಹನುಮಪ್ಪನ ಗುಡಿ ಕಂಡಿತು. ಆಮೇಲೆ ಎಲ್ಲ ಕಪ್ಪು. ಮೂರು ಸಲವೂ ಹಾಗೆಯೇ.

“ನೀರು ಮತ್ತ ಬಂತೇನ?” ಗಂಗವ್ವ ಕೇಳಿದಳು.

ಶೈಲಾ ಕರೆಂಟಿನ ಡಬ್ಬಿಯ ಮೇಲಿನ ಚೀಟಿ ಓದಿದಳು. “ಅಪ್ಪಾ, ಅಳತಿ ನೋಡಿದಿ, ಹಸಿವಿ ನೋಡಲಿಲ್ಲ. ಇದಕ್ಕ ನಾನೂರೈವತ್ತು ವ್ಯಾಟಿನ ಡಬ್ಬಿ ಬೇಕು. ನಮ್ಮದು ಎರಡನೂರೈವತ್ತರದು.”

ಈರಪ್ಪ ಟೇಪು ಸುತ್ತಿ ಜೇಬಿಗಿಟ್ಟುಕೊಂಡ. ಮರುದಿನ ದೊಡ್ಡ ಡಬ್ಬಿ ಬಂತು. ಟೇಪಿಲ್ಲದ ಈರಪ್ಪನ ಬರಿಗೊರಳು ನೋಡಿ ರಫೀಕ್ ನಕ್ಕನಂತೆ.

ಹೊಟ್ಟೆ ತುಂಬಿದ ಮೇಲೆ ನೋಡಬೇಕಿತ್ತು ನನ್ನ ಓಟ! ನನಗೆ ಸೆಕೆಯಾದೀತೆಂದು ಶೈಲಾ ಪೆಟ್ಟಿಗೆಯ ಪಕ್ಕದ ತಗಡು ತೆಗೆದಿಟ್ಟಿದ್ದಳು, ಎಲ್ಲ ಕಾಣುತ್ತಿತ್ತು. ಗಂಗವ್ವ ಪರದೆಗೆ ಮೂಗು ತಾಗಿಸಿಕೊಂಡು ಓಣಿಯಲ್ಲಿ ನಡೆದಳು. ನೆರೆಮನೆಯ ನಿಂಬೆವ್ವನ ಪಡಸಾಲೆಯಲ್ಲಿ, ಗೋಡೆಯ ಗೂಡಿನ ಮುಂದೆ ನಿಂತಳು.

“ಗ್ವಾಡಿಯೊಳಗಿನ ಈ ಮಾಡ ಯಾಕ ಖಾಲಿ ಬರದಿ?”

“ನಿಂಬೆವ್ವ ಆಯೀನ ಹೇಳಿದ್ಳು. ಅಲ್ಲಿ ಹಿತ್ತಾಳಿ ಸೇರು ಇತ್ತಂತ. ಊರು ಬಿಡೋ ವಾರ ಜ್ವಾಳ ಅಳ್ಯಾಕ ಯಾರೋ ಇಸಗೊಂಡು ಹ್ವಾದ್ರಂತ. ಖಾಲೀನ ಬರಿ ತಂಗಿ, ಅಂದ್ಳು.”

ಗಂಗವ್ವ ಪರದೆಯ ಮೇಲಿನ ಮಾಡಕ್ಕೆ ಬೆರಳು ತಾಗಿಸಿದಳು. ಅವಳು ಕಣ್ಣು ತೆಗೆಯುವವರೆಗೂ ಆ ಖಾಲಿ ಮಾಡವನ್ನು ನಾನು ಹಿಡಿದು ನಿಂತೆ.

ಈಗ ನಾನು ಮುದುಕ. ನನ್ನ ಜಾಗಕ್ಕೆ ಹೊಸಬ ಬಂದಿದ್ದಾನೆ. ಈರಪ್ಪನ ಗುಂಡಿ ಡಬ್ಬಿಯ ಪಕ್ಕದಲ್ಲಿ ಅರಿವೆ ಸುತ್ತಿಕೊಂಡು ಮಲಗಿದ್ದೇನೆ. ಗಂಗವ್ವನಿಗೂ ಈಗ ಹಗಲು ರಾತ್ರಿ ಒಂದೇ. ಎಷ್ಟೋ ಚಿತ್ರ ಕಟ್ಟಿದೆ, ಮರೆತೆ. ಏನೂ ಇಲ್ಲದ ಆ ಮಾಡವನ್ನು ಮಾತ್ರ ಮರೆಯಲಿಲ್ಲ. ದೇವರು ನನ್ನಿಂದ ಮಾಡಿಸಿದ ಕೆಲಸ ಅದೊಂದೇ ಇರಬಹುದು.

ಅಂದು ಗಂಗವ್ವ ಆ ಮಾಡ ನೋಡಿದ ಮರುದಿನ ನಿಂಬೆವ್ವ ತನ್ನ ಮನೆ ನೋಡಲು ಬಂದಿದ್ದಳು. ಒಳಗೆ ಟ್ರಂಕಿನ ಮುಚ್ಚಳದ ಸದ್ದಾಯಿತು. ಗಂಗವ್ವ ಒಂದು ಕೈಯಲ್ಲಿ ಗೋಡೆ, ಇನ್ನೊಂದರಲ್ಲಿ ಆ ಹಿತ್ತಾಳೆ ಸೇರು ಹಿಡಿದು ಹೊರಬಂದಳು. ಇಸಕೊಂಡ ಪಾತ್ರೆಯನ್ನು ಬರಿದಾಗಿ ಮರಳಿಸಬಾರದಲ್ಲ, ಸೇರಿನ ತುಂಬ ಜೋಳವಿತ್ತು. ಸೆರಗು ಸರಿಸಿ ಅದನ್ನು ನಿಂಬೆವ್ವನ ಮಡಿಲಲ್ಲಿಟ್ಟಳು.

ನಿಂಬೆವ್ವ ಸೇರಿನ ಅಂಚನ್ನು ಹೆಬ್ಬೆರಳಿನಿಂದ ಸವರಿದಳು. ನಾಲ್ಕು ಕಾಳು ಬಾಯಿಗೆ ಹಾಕಿಕೊಂಡಳು.

“ಜ್ವಾಳ ಚಲೋ ಅದಾವ, ಗಂಗಿ,” ಎಂದು, ಕೂರಲು ಪಕ್ಕಕ್ಕೆ ಜಾಗ ಮಾಡಿಕೊಟ್ಟಳು.