ಹಿತ್ತಲಮನಿಯವರ ಮಣ್ಣು

ನಾನೂ ಹಿತ್ತಲಮನಿಯವನೇ. ಹಾಗಾಗಿ ಹಿತ್ತಲಮನಿಯವರನ್ನು ಬೈಯಲು ನನಗೆ ಯಾರ ಅಪ್ಪಣೆಯೂ ಬೇಕಿಲ್ಲ. ಮೇಲವಂಕಿಯ ಒಂದೇ ಮನೆಯಿಂದ ಹೊರಬಿದ್ದವರು ನಾವು. ಗುರುಲಿಂಗಪ್ಪ ಮೂಡಲಗಿಯಲ್ಲಿ ಕಿರಾಣಿ ಅಂಗಡಿ ಇಟ್ಟ, ಮುರಿಗೆಪ್ಪ ಹುಕ್ಕೇರಿಯಲ್ಲಿ ಖಾದಿ ಮಾರತೊಡಗಿದ, ಅಲ್ಲಪ್ಪ ಊರಲ್ಲೇ ಉಳಿದು ಮೂವರ ಹೊಲವನ್ನೂ ಉಳುತ್ತಿದ್ದ. ನಾನು ಗೋಕಾಕದಲ್ಲಿ ಅಂಗಿ ಹೊಲಿಯುತ್ತಿದ್ದೆ. ನನ್ನ ಅಜ್ಜ ತನ್ನ ಪಾಲನ್ನು ಮಾರಿಕೊಂಡು ತಿಂದವನಾದ್ದರಿಂದ ನಾನು ಪಾಲು ಕೇಳುತ್ತೇನೆಂಬ ಅನುಮಾನ ಯಾರಿಗೂ ಇರಲಿಲ್ಲ.

ಆ ಮೂವರ ದೊಡ್ಡಪ್ಪನ ಮಗ ಕೆಂಚಪ್ಪನ ಸಂಗತಿ ಬೇರೆ. ಅವನ ಅಪ್ಪ ತಮ್ಮಂದಿರ ಜೊತೆ ಜಗಳವಾಡಿ, ಪಾಲು ಕೇಳದೆ, ಮಾರದೆ, ಸುಮ್ಮನೆ ಹೊಲ ಬಿಟ್ಟು ಗೋಕಾಕಕ್ಕೆ ಬಂದಿದ್ದ. ಮಗ ಹತ್ತಿಪೇಟೆಯಲ್ಲಿ ಹಮಾಲಿ ಮಾಡಿದ. ಮೂವತ್ತೆಂಟನೆಯ ಇಸವಿಯಲ್ಲಿ ಕ್ಷಯ ಹಿಡಿದು ಹಾಸಿಗೆಗೆ ಬಿದ್ದಾಗ ಅವನಿಗೆ ಉಳಿದದ್ದು ಒಂದೇ ಆಸೆ. ಮೇಲವಂಕಿಯ ಹೊಲದಲ್ಲಿ, ಅಜ್ಜನ ಗದ್ದುಗೆಯ ಪಕ್ಕದಲ್ಲಿ ತನ್ನನ್ನು ಮಣ್ಣು ಮಾಡಬೇಕು.

ಇದು ಕೇಳಲು ಸಣ್ಣ ಮಾತು. ಆದರೆ ನಮ್ಮಲ್ಲಿ ಸತ್ತವರನ್ನು ಸ್ವಂತ ಹೊಲದಲ್ಲಿ ಹೂಳಿ ಮೇಲೆ ಗದ್ದುಗೆ ಕಟ್ಟುತ್ತಾರೆ. ಯಾರ ಗದ್ದುಗೆ ಎಲ್ಲಿದೆಯೋ ಅವರ ಪಾಲೂ ಅಲ್ಲಿದೆ ಎಂದು ನಾಳೆ ಊರ ಪಂಚರೇ ಹೇಳುತ್ತಾರೆ. ಕೆಂಚಪ್ಪನಿಗೆ ಮಕ್ಕಳಿರಲಿಲ್ಲ, ನಿಜ. ಆದರೆ ಹೆಂಡತಿ ಶಿವವ್ವ ಯಾರನ್ನಾದರೂ ದತ್ತಕ ತೆಗೆದುಕೊಂಡರೆ? ಹಿತ್ತಲಮನಿಯವರ ತಲೆ ಇಂಥ ಕಡೆ ಬಹಳ ಚುರುಕು.

ಶಿವವ್ವ ಮೊದಲು ಮೂಡಲಗಿಗೆ ಹೋದಳು. ನಾನೂ ಜೊತೆಗಿದ್ದೆ. ಗುರುಲಿಂಗಪ್ಪ ಆಗಷ್ಟೇ ಲಿಂಗಪೂಜೆ ಮುಗಿಸಿ ಹಣೆ ತುಂಬ ವಿಭೂತಿ ಬಳಿದುಕೊಂಡು ಕುಳಿತಿದ್ದ. ಅವಳ ಮಾತನ್ನೆಲ್ಲ ಸಮಾಧಾನದಿಂದ ಕೇಳಿದ.

"ತಂಗಿ, ಈ ದೇಹ ಅನ್ನೂದು ಮಣ್ಣು. ಜೀವ ಶಿವನ ಪಾದಕ್ಕ ಹೋದಮ್ಯಾಲ ಅದು ಎಲ್ಲಿ ಬಿದ್ದರೇನು? ಆ ಹೊಲಾನ ಬೇಕನ್ನೂದು ಮೋಹ. ಅವಗ ತಿಳಿಸಿ ಹೇಳು."

ತನ್ನ ಅಪ್ಪನ ಗದ್ದುಗೆಗೆ ಅದೇ ಹೊಲದಲ್ಲಿ ಕಲ್ಲಿನ ಮಂಟಪ ಕಟ್ಟಿಸಿದ ಮನುಷ್ಯ ಇವನು. ನನಗೆ ಮೈಯೆಲ್ಲ ಉರಿಯಿತು. ಶಿವವ್ವ ನನ್ನ ತೋಳು ಹಿಡಿದು ಹೊರಗೆ ಕರೆತಂದಳು.

ಹುಕ್ಕೇರಿಯಲ್ಲಿ ಮುರಿಗೆಪ್ಪ ರಾಟಿಯ ಮುಂದೆ ಕುಳಿತಿದ್ದ. ಅವನು ದೇವರ ಹೆಸರು ಎತ್ತುವವನಲ್ಲ.

"ಸ್ವರಾಜ್ಯ ಬಂದಮ್ಯಾಲ ಎಲ್ಲಾ ಭೂಮಿ ಎಲ್ಲಾರದೂ ಆಗತೈತಿ, ನೋಡವಾ. ನನ್ನ ಹೊಲ, ನಿನ್ನ ಹೊಲ ಅನ್ನೂ ಕಾಲ ಹೋತು. ಊರ ಮಸಣದಾಗ ನಾಕು ಮಂದಿ ಜೋಡಿ ಮಲಗೂದರಾಗ ಸಣ್ಣತನ ಏನೈತಿ?"

"ಹಂಗಾರ ಈಗ ಒಂದೀಟ ಕೊಡ್ರಿ, ಭಾವಾರ," ಎಂದಳು ಶಿವವ್ವ.

"ನಾ ಒಬ್ಬಾಂವ ಹ್ಯಾಂಗ ಹೇಳ್ಲಿ? ಉಳಾಂವ ಅಲ್ಲಪ್ಪ, ಅವನ್ನ ಕೇಳು."

ಅಲ್ಲಪ್ಪನಿಗೆ ಶಿವನೂ ಇಲ್ಲ, ಸ್ವರಾಜ್ಯವೂ ಇಲ್ಲ. ಮೇಲವಂಕಿಯಲ್ಲಿ ಎತ್ತಿನ ಮೈ ತಿಕ್ಕುತ್ತಲೇ ನೇರವಾಗಿ ಹೇಳಿದ: "ಮಣ್ಣ ಕೊಟ್ಟರ ಪಾಲ ಕೊಟ್ಟಂಗವಾ. ಆಗೂದಿಲ್ಲ." ಮೂವರಲ್ಲಿ ಇವನೊಬ್ಬನಾದರೂ ಸುಳ್ಳು ಹೇಳಲಿಲ್ಲ.

ಗೋಕಾಕಕ್ಕೆ ಮರಳಿದಾಗ ಕೆಂಚಪ್ಪ ಗೋಡೆಗೆ ಒರಗಿ ಬಾಗಿಲನ್ನೇ ನೋಡುತ್ತ ಕುಳಿತಿದ್ದ. ಅವನ ಮುಖ ನೋಡಿದ ಶಿವವ್ವನ ಬಾಯಿಂದ ಬಂದದ್ದು ಒಂದೇ ಮಾತು.

"ಒಪ್ಪ್ಯಾರರಿ."

ನಾನು ತಲೆ ಎತ್ತದೆ ನಿಂತೆ. ಅವಳ ಲೆಕ್ಕಾಚಾರ ನನಗೆ ಅರ್ಥವಾಗಿತ್ತು. ಇಂದೋ ನಾಳೆಯೋ ಎನ್ನುವ ಮನುಷ್ಯ, ನೆಮ್ಮದಿಯಿಂದ ಕಣ್ಣು ಮುಚ್ಚಲಿ. ಆಮೇಲೆ ಎಲ್ಲಿ ಹೂಳಿದರೂ ಅವನಿಗೆ ಗೊತ್ತಾಗುವುದಿಲ್ಲ.

ಆದರೆ ಆ ಒಂದು ಮಾತಿಗೆ ಕೆಂಚಪ್ಪ ಚೇತರಿಸಿಕೊಂಡ. ಗಂಜಿ ಕುಡಿದ, ಗಡ್ಡ ಬೋಳಿಸಿಕೊಂಡ. ಕೆಲವು ದಿನ ಕಳೆದ ಮೇಲೆ ನನ್ನನ್ನು ಕರೆಸಿ, "ತಮ್ಮಾ, ಒಂದು ಬಂಡಿ ಕಟ್ಟಸು. ಜಾಗಾ ನಾನ ತೋರಸತೇನಿ. ಅಲ್ಲಪ್ಪಣ್ಣಗ ಕೈಮುಗದ ಬರತೇನಿ," ಎಂದ. ಶಿವವ್ವ ಬಿಸಿಲು ಎಂದಳು, ಅಮಾವಾಸ್ಯೆ ಎಂದಳು. ಅವನು ಕೇಳಲಿಲ್ಲ. ದಾರಿಯುದ್ದಕ್ಕೂ ಅವಳು ಬಂಡಿಯ ಹಿಂದೆ ನಡೆದೇ ಬಂದಳು, ಒಳಗೆ ಅವನ ಎದುರು ಕೂರಲು ಅವಳಿಗೆ ಆಗಲಿಲ್ಲ.

ಹೊಲದ ಬದುವಿನಲ್ಲಿ ಅಲ್ಲಪ್ಪ ಎದುರಾದ. ಕೆಂಚಪ್ಪ ಬಂಡಿಯಿಂದಲೇ ಕೈ ಜೋಡಿಸಿದ.

"ಅಣ್ಣಾ, ನಿಮ್ಮ ಉಪಕಾರ ದೊಡ್ಡದು."

"ಎಂಥಾ ಉಪಕಾರೋ?"

"ಅಜ್ಜನ ಬಾಜೂಕ ಜಾಗಾ ಕೊಟ್ಟೀರೆಲ್ಲ."

ಅಲ್ಲಪ್ಪ ಶಿವವ್ವನ ಕಡೆ ನೋಡಿದ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಕೆಂಚಪ್ಪನಿಗೆ ಇನ್ನೇನೂ ಹೇಳಬೇಕಾಗಲಿಲ್ಲ. ತುಸು ಹೊತ್ತು ಕೆಮ್ಮಿದ. ಆಮೇಲೆ ಮತ್ತೆ ಕೈ ಜೋಡಿಸಿದ.

"ಅಣ್ಣಾ, ನಾ ಹಿತ್ತಲಮನಿಯಾಂವ ಅಲ್ಲಂತ ಹೇಳತೇನಿ. ಪಂಚರನ್ನ ಕೂಡಸ್ರಿ, ಲಿಂಗಾ ಮುಟ್ಟಿ ಆಣಿ ಮಾಡತೇನಿ. ಆ ಹೆಸರ ನನಗ ಬ್ಯಾಡ. ಪಾಲಿನ ಮಾತ ಯಾರೂ ಎತ್ತೂದಿಲ್ಲ. ಬರೇ ಮಣ್ಣ ಕೊಡ್ರಿ."

ಅಲ್ಲಪ್ಪ ನಿಜವಾಗಿಯೂ ವಿಚಾರ ಮಾಡಿದ. ಅವನನ್ನು ಕೆಟ್ಟವನೆಂದು ಹೇಳಿ ಕೈತೊಳೆದುಕೊಳ್ಳಲು ನನಗಾಗುವುದಿಲ್ಲ. ಅವನ ಕಣ್ಣೂ ಒದ್ದೆಯಾಗಿತ್ತು.

"ಖರೇ ಹೇಳ್ತಿ, ಕೆಂಚಪ್ಪಾ. ಆದರ ನೀ ನಮ್ಮಾಂವ ಅಲ್ಲಂತ ಆದಮ್ಯಾಲ ಹೊರಗಿನ ಮಂದಿ ಹೆಣಾ ನಮ್ಮ ಹಿರ್ಯಾರ ನಡುವ ಹ್ಯಾಂಗ ಹುಗೀಲಿ?"

ಬಂಡಿಯನ್ನು ಗೋಕಾಕದ ಕಡೆಗೆ ಹೊಳ್ಳಿಸಿದೆವು. ದಾರಿಯಲ್ಲೇ ಅವನ ಜೀವ ಹೋಗಿದ್ದರೆ ಒಳ್ಳೆಯದಿತ್ತು. ಹೋಗಲಿಲ್ಲ. ಆ ತಿಂಗಳೆಲ್ಲ ಬದುಕಿದ. ಗೋಡೆಗೆ ಮುಖ ಮಾಡಿ ಮಲಗಿದ. ಶಿವವ್ವ ಕೊಟ್ಟ ನೀರು ಕುಡಿದ, ಅವಳನ್ನು ಬೈಯಲೂ ಇಲ್ಲ, ಮಾತಾಡಿಸಲೂ ಇಲ್ಲ.

ಗೋಕಾಕದ ಮಸಣದಲ್ಲಿ ಕುಣಿ ತೋಡಿದೆವು. ಮೂವರೂ ಬಂದಿದ್ದರು, ಅಣ್ಣತಮ್ಮಂದಿರಲ್ಲವೇ, ಬಾರದಿದ್ದರೆ ಜನ ಆಡಿಕೊಳ್ಳುತ್ತಾರೆ. ಗುರುಲಿಂಗಪ್ಪ ಮಂತ್ರ ಹೇಳಿದ, ಮುರಿಗೆಪ್ಪ ತನ್ನ ಅಂಗಡಿಯ ಹೊಸ ಖಾದಿ ಹೊದಿಸಿದ, ಅಲ್ಲಪ್ಪ ಬಿಕ್ಕಿ ಬಿಕ್ಕಿ ಅತ್ತ. ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿ ಊರಿನ ದಾರಿ ಹಿಡಿದರು.

ಶಿವವ್ವ ಅಲ್ಲೇ ಕುಳಿತಿದ್ದಳು. ಏಳು ಎಂದು ಕರೆದೆ. ಅವಳು ನನ್ನ ಕಡೆ ತಿರುಗಲಿಲ್ಲ.

"'ಇನ್ನೂ ಕೇಳಾಕತ್ತೇನ್ರಿ, ಭಾವಾರು ಇನ್ನೂ ಹೂಂ ಅಂದಿಲ್ಲ' ಅಂತ ಇವರಿಗೆ ಅಂದಿದ್ದರ ಸಾಕಾಗಿತ್ತು," ಎಂದಳು. "ಆಸೆ ಇಟಗೊಂಡಾದರೂ ಹೋಗತಿದ್ದರು. ಅದನ್ನೂ ನಾನ ಕಸಗೊಂಡ್ನಿ."

ನಾನೂ ಅವಳ ಪಕ್ಕದಲ್ಲಿ ಕುಳಿತೆ.