ಮೊದಲ ಪುಟಕ್ಕೆ ಹಸಿರು ಸಹಿ

ನಮ್ಮ ಕಡೆಯ ಜನ ಓದುವುದಿಲ್ಲ. ಇಪ್ಪತ್ತೆಂಟು ವರ್ಷ ಮಾಸ್ತರಿಕೆ ಮಾಡಿ ನಾನು ಕಂಡುಕೊಂಡ ಸತ್ಯ ಇದೊಂದೇ. ಅಕ್ಷರ ಬಾರದವರ ಮಾತಲ್ಲ ಇದು. ಅವರ ಮೇಲೆ ನನಗೇನೂ ಸಿಟ್ಟಿಲ್ಲ. ಅಕ್ಷರ ಬಂದೂ ಓದದವರನ್ನು ಕಂಡರೆ ಮೈ ಉರಿಯುತ್ತದೆ. ಬಸ್ಸಿನ ಹಣೆಯ ಮೇಲೆ ದಪ್ಪಗೆ ಊರಿನ ಹೆಸರಿದ್ದರೂ ಅದರ ಕೆಳಗೇ ನಿಂತು "ಯಾದಗಿರಿಗಿ ಹೋಗ್ತದೇನ್ರಿ?" ಎಂದು ಕೇಳುವ ಬಿ.ಎ. ಪದವೀಧರರನ್ನು ಶಹಾಪುರ ಬಸ್‌ಸ್ಟ್ಯಾಂಡಿನಲ್ಲಿ ದಿನಾ ನೋಡುತ್ತೇನೆ.

ನನ್ನ ಹೆಸರು ಮರಿಲಿಂಗಪ್ಪ. ಕೆಂಭಾವಿ ಕಡೆಯ ಒಂದು ಹಳ್ಳಿಯ ಸರ್ಕಾರಿ ಹೈಸ್ಕೂಲಿಗೆ ಹೆಡ್‌ಮಾಸ್ತರ. ಅದು ಹೊಟ್ಟೆಪಾಡು. ನನ್ನ ನಿಜವಾದ ಕೆಲಸ ಬೇರೆ: ಇಂಟರ್ನೆಟ್ಟಿನಲ್ಲಿರುವ ಒಂದು ಕನ್ನಡ ವಿಶ್ವಕೋಶದಲ್ಲಿ ಏಳು ವರ್ಷದಿಂದ ಸಂಪಾದಕನಾಗಿದ್ದೇನೆ. ಸಂಬಳವಿಲ್ಲ, ಹೆಸರಿಲ್ಲ. ಯಾರು ಬೇಕಾದರೂ ಬರೆಯಬಹುದಾದ ವಿಶ್ವಕೋಶ ಅದು. ಅಂದ ಮೇಲೆ ಎಂಥೆಂಥವರು ಬರೆಯುತ್ತಾರೆಂದು ನೀವೇ ಊಹಿಸಿಕೊಳ್ಳಿ. ಒಬ್ಬ ತನ್ನ ಊರಿನ ಬಗ್ಗೆ "ಇಲ್ಲಿನ ಜನ ಬಹಳ ಒಳ್ಳೆಯವರು" ಎಂದು ಬರೆದ. ಇದಕ್ಕೆ ಆಕರ ಎಲ್ಲಿ ಎಂದು ಕೇಳಿದರೆ "ನಾನೇ ಈ ಊರವ" ಎಂದ. ಇನ್ನೊಬ್ಬ ತನ್ನ ಮಾವನನ್ನು "ನಾಡು ಕಂಡ ಅಪರೂಪದ ಸಮಾಜಸೇವಕ" ಮಾಡಿದ್ದ. ಇಬ್ಬರನ್ನೂ ಅಳಿಸಿದೆ. ಬರೆಯುವವರು ಸಾವಿರ ಮಂದಿ, ಅಳಿಸುವವನು ನಾನೊಬ್ಬ.

ಕೆಲ್ಡೋರಾ ಎಂಬ ಲೇಖನ ನನ್ನ ಕೈಗೆ ಬಂದದ್ದು ಹೀಗೆಯೇ. ಕೆಲ್ಡೋರಾ ಎಂದರೆ ಒಂದು ಕ್ರಿಪ್ಟೋ ನಾಣ್ಯ, ಕಂಪ್ಯೂಟರಿನೊಳಗೇ ಹುಟ್ಟಿ ಅಲ್ಲೇ ಓಡಾಡುವ ಹಣ. ಇಂಥ ನಾಣ್ಯಗಳು ಹಲವಿವೆ, ಆದರೆ ಇದರ ಹೆಚ್ಚುಗಾರಿಕೆ ಗುಟ್ಟು. ಯಾರು ಕಳಿಸಿದರು, ಯಾರು ಪಡೆದರು, ಎಷ್ಟು ಎನ್ನುವುದು ಮೂರನೆಯವರಿಗೆ ಕಾಣುವುದಿಲ್ಲ. ಲೇಖನ ಶುರು ಮಾಡಿದ ಪುಣ್ಯಾತ್ಮ ಅದನ್ನು "ಭವಿಷ್ಯದ ಹಣ" ಎಂದು ಕರೆದು, "ನೂರಕ್ಕೆ ನೂರು ಸುರಕ್ಷಿತ, ಹಾಕಿದ್ದು ದುಪ್ಪಟ್ಟಾಗುತ್ತದೆ" ಎಂದು ಬರೆದಿದ್ದ. ವಿಶ್ವಕೋಶವೋ ಚಿಟ್‌ಫಂಡಿನ ಕರಪತ್ರವೋ ತಿಳಿಯುತ್ತಿರಲಿಲ್ಲ.

ಎರಡು ದಿನದಲ್ಲಿ ಪರಿಮಳಾ ಮೇಡಂ ಅದರ ಮೇಲೆ ಕೈಯಾಡಿಸಿದರು. ಭೀಮರಾಯನಗುಡಿಯ ಕೃಷಿ ಕಾಲೇಜಿನಲ್ಲಿ ಪಾಠ ಹೇಳುವ ಹೆಂಗಸು, ನಮ್ಮ ವಿಶ್ವಕೋಶದ ಇನ್ನೊಬ್ಬ ಸಂಪಾದಕಿ. ಆಕೆ ಹೊಗಳಿಕೆಯನ್ನೆಲ್ಲ ಅಳಿಸಿ "ಇದು ಕಳ್ಳಕಾಕರ ಹಣ, ಎಚ್ಚರ!" ಎಂದು ಬರೆದರು. ಆಶ್ಚರ್ಯಸೂಚಕ ಚಿಹ್ನೆಯ ಸಮೇತ. ನನಗೆ ನಗು ಬಂತು. ಅವನು ಭಟ್ಟಂಗಿ, ಈಕೆ ಡಂಗುರ ಸಾರುವವಳು. ಇಬ್ಬರಿಗೂ ವಿಶ್ವಕೋಶ ಎಂದರೇನೆಂದು ಗೊತ್ತಿಲ್ಲ. ಗುಟ್ಟು ಕಾಯ್ದುಕೊಳ್ಳುವುದು ತಾನಾಗಿಯೇ ಅಪರಾಧವಲ್ಲ. ಕಳ್ಳರು ಬಳಸಿದ್ದಾರೆಂಬ ವರದಿಗಳಿವೆ, ಇಂಥ ನಾಣ್ಯಗಳನ್ನು ಕೊಂಡು ಮಾರುವ ಕೆಲವು ವಿನಿಮಯ ಕೇಂದ್ರಗಳು ಇದನ್ನು ಕೈಬಿಟ್ಟಿವೆ. ಹಾಗೆಯೇ ಬೇಹುಗಾರಿಕೆಗೆ ಹೆದರಿ ಬಳಸುವ ಪ್ರಾಮಾಣಿಕರೂ ಇದ್ದಾರೆ. ಎರಡನ್ನೂ ಆಕರದ ಸಮೇತ, ದನಿ ಏರಿಸದೆ ಹೇಳಬೇಕು.

ನಾಲ್ಕು ಭಾನುವಾರದ ಮಧ್ಯಾಹ್ನಗಳನ್ನು ಕೊಟ್ಟು ಹಾಗೆಯೇ ಬರೆದೆ. ಮುದ್ರಿಸಿದರೆ ಎರಡು ಪುಟ. ಮೊದಲ ಪುಟದಲ್ಲಿ ಅದು ಏನು, ಹೇಗೆ ಕೆಲಸ ಮಾಡುತ್ತದೆ. ಎರಡನೆಯದರಲ್ಲಿ ಅಪಾಯ, ವಿವಾದ, ಕಾನೂನು. ಮೂವತ್ತೊಂದು ಆಕರಗಳು. ಮುಗಿಸಿದಾಗ ನನ್ನ ಬೆನ್ನು ನಾನೇ ತಟ್ಟಿಕೊಂಡೆ, ಬೇರೆ ಯಾರೂ ತಟ್ಟುವವರಿರಲಿಲ್ಲ.

ಸೋಮವಾರ ಶಾಲೆಯಲ್ಲಿದ್ದಾಗ ಪರಿಮಳಾ ಮೇಡಂ ಫೋನ್ ಮಾಡಿದರು.

"ಸರ, ಚಲೋ ಬರ್ದೀರಿ. ಆದ್ರ ಮೊದಲ್ನೇ ಪ್ಯಾರಾದಾಗ ಎರಡ ಸಾಲು ಇರ್ಲಿರಿ. ಇದು ನೋಟಿನಂಗ ಕಾನೂನಿನ ರೊಕ್ಕ ಅಲ್ಲ, ಬೆಲಿ ಯಾವಾಗ ಬೀಳ್ತದ ಹೇಳಾಕಾಗಲ್ಲ, ಇಷ್ಟ. ಆಕರ ನಾನೇ ಕೊಡ್ತೀನಿ. ನಿಮ್ಮ ಕಡಿ ಹಳ್ಯಾಗ ಯಾರೋ ಇದನ್ನ ಮಾರಾಕತ್ತಾರಂತ ಸುದ್ದಿ ಅದರಿ."

"ಸುದ್ದಿ ಆಕರ ಅಲ್ರಿ ಮೇಡಂ."

"ಸುದ್ದಿ ಬರೀರಿ ಅಂತ ಯಾರ್ ಅಂದಾರ್ರಿ? ಎರಡ್ನೇ ಪುಟದಾಗ ನೀವೇ ಬರ್ದಿದ್ದು ಮೊದಲ್ನೇದ್ರಾಗೂ ಇರ್ಲಿ ಅಂದೆ. ನಮ್ಮ ಮಂದಿ ಪುಟ ತಿರವಲ್ರಿ."

ಆಕೆ ಹೇಳಿದ್ದು ಸರಿಯಿತ್ತು. ಇಡೀ ಲೇಖನದ ಸಾರ ಮೊದಲ ಪ್ಯಾರಾದಲ್ಲಿರಬೇಕೆಂಬುದು ನಮ್ಮ ವಿಶ್ವಕೋಶದ ನಿಯಮ, ನನಗೆ ಬಾಯಿಪಾಠ. ಆದರೆ ಹೇಳಿದವಳು ಆಶ್ಚರ್ಯಸೂಚಕ ಚಿಹ್ನೆಯ ಹೆಂಗಸು. ಅವಳಿಂದ ನಾನು ಕಲಿಯಬೇಕೆ?

"ಮಂದಿ ಸೋಮಾರಿಗಳಾದ್ರ ಅದಕ್ಕ ವಿಶ್ವಕೋಶ ಹೊಣಿ ಅಲ್ರಿ" ಎಂದೆ. "ಓದೋದು ಅಂದ್ರ ಕೊನೀತನಕ ಓದೋದು. ಪುಟ ತಿರವೋ ಶಕ್ತಿ ಇಲ್ಲದವ್ರು ಓದಾಕ ಹೋಗಬಾರದು." ಹೀಗೆ ಸುಮಾರು ಹತ್ತು ನಿಮಿಷ ಆಕೆಗೆ ಓದುವುದು ಹೇಗೆಂದು ಪಾಠ ಹೇಳಿದೆ. ಹೇಳುತ್ತಲೇ ಎದುರಿಗಿದ್ದ ಕಾಗದಗಳಿಗೆ ಸಹಿ ಹಾಕುತ್ತಿದ್ದೆ.

ಆ ಕಾಗದಗಳ ವಿಷಯ ಹೇಳಬೇಕು. ನಾನು ಗೆಜೆಟೆಡ್ ಅಧಿಕಾರಿ, ಹಸಿರು ಶಾಯಿಯಲ್ಲಿ ಸಹಿ ಹಾಕುವವನು. ಝೆರಾಕ್ಸ್ ಪ್ರತಿಗೆ ಅವರವರೇ ಸಹಿ ಹಾಕಿಕೊಂಡರೆ ಸಾಕೆಂದು ಸರ್ಕಾರ ಹೇಳಿ ಎಷ್ಟೋ ವರ್ಷವಾಯಿತು. ಆದರೆ ನಮ್ಮ ಜನಕ್ಕೆ ತಮ್ಮ ಸಹಿಯ ಮೇಲೆ ತಮಗೇ ನಂಬಿಕೆಯಿಲ್ಲ. ಜಾತಿ ಸರ್ಟಿಫಿಕೇಟು, ಮಾರ್ಕ್ಸ್ ಕಾರ್ಡು, ಆಧಾರ್, ಎಲ್ಲಕ್ಕೂ ಹೆಡ್‌ಮಾಸ್ತರರ ಹಸಿರು ಗೀರು ಬೀಳಲೇಬೇಕು. ಜವಾನ ಅಮಾತೆಪ್ಪ ಪ್ರತಿಗಳನ್ನು ಮೆಟ್ಟಿಲಿನಂತೆ ಒಂದರ ಕೆಳಗೊಂದು ಜೋಡಿಸಿ, "ಮೂಲದೊಂದಿಗೆ ತಾಳೆ ನೋಡಲಾಗಿದೆ" ಎಂಬ ಸಿಕ್ಕಾ ಒತ್ತಿ ಇಡುತ್ತಾನೆ. ನನಗೆ ಕಾಣುವುದು ಕೆಳಗಿನ ಎರಡು ಬೆರಳಗಲದ ಅಂಚು ಮಾತ್ರ. ಅದರ ಮೇಲೆ ಗೀಚುತ್ತ ಹೋಗುತ್ತೇನೆ. ಮೂಲ ಪ್ರತಿ ತಂದವರು ಸುಮ್ಮನೆ ಕೈಯಲ್ಲಿ ಹಿಡಿದು ನಿಂತಿರುತ್ತಾರೆ. ಹೋದ ವರ್ಷ ನಮ್ಮ ಬಿಸಿಯೂಟದ ಅಡುಗೆಯ ಬಸ್ಸಮ್ಮ ಮಗಳು ಸವಿತಾಳ ಪಿಯುಸಿ ಮಾರ್ಕ್ಸ್ ಕಾರ್ಡು ತಂದು, ಸಹಿಯಾದ ಮೇಲೂ ಹೋಗದೆ ನಿಂತೇ ಇದ್ದಳು. "ಆತಲ್ಲ, ಹೋಗು" ಎಂದು ಕಳಿಸಿದೆ. ಇಂಥವರನ್ನೆಲ್ಲ ಮಾತಾಡಿಸುತ್ತ ಕೂತರೆ ಶಾಲೆ ನಡೆದಂತೆಯೇ.

ಸೋಮವಾರದ ಕಟ್ಟು ತಂದವನು ಹಣಮೇಶ. ನನ್ನ ಹಳೆಯ ವಿದ್ಯಾರ್ಥಿ, ದಡ್ಡ. ಈಗ ಕೆಂಭಾವಿಯಲ್ಲಿ ಝೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿಯ ಅಂಗಡಿ ಇಟ್ಟಿದ್ದಾನೆ. ಗಿರಾಕಿಗಳ ಪ್ರತಿಗಳನ್ನೆಲ್ಲ ಒಟ್ಟುಮಾಡಿ ವಾರಕ್ಕೊಮ್ಮೆ ತರುತ್ತಾನೆ. ಆವತ್ತು ಅವನು ನನ್ನ ಫೋನ್ ಮಾತು ಮುಗಿಯುವವರೆಗೂ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದ. ಹುಡುಗ ದಡ್ಡನಾದರೂ ವಿನಯವಂತ ಎಂದುಕೊಂಡೆ.

ಮರುದಿನ ಊಟದ ಗಂಟೆ ಮುಗಿದ ಮೇಲೆ ಬಸ್ಸಮ್ಮ ಕೈ ಒರೆಸಿಕೊಳ್ಳುತ್ತ ನನ್ನ ಕೋಣೆಗೆ ಬಂದಳು.

"ಸರ, ಇವತ್ತ ನಾಕಕ್ಕ ನಾವೂ ಹಾಕಾಕತ್ತೀವ್ರಿ. ನಿಮ್ಗ ಹೇಳಿ ಹಾಕೂಣಂತ ಬಂದೆ."

"ಏನ್ ಹಾಕತೀ?"

"ನಮ್ ಸಂಘದ ರೊಕ್ಕರಿ. ಕೆಲ್ಡೋರಾದಾಗ."

ಆ ಊರಿನ ಹದಿನೆಂಟು ಹೆಂಗಸರ ಸಂಘ ಅದು. ಕೂಲಿಯಲ್ಲಿ, ಹಾಲಿನಲ್ಲಿ, ಅಡುಗೆಯ ಸಂಬಳದಲ್ಲಿ ಹಿಡಿದಿಟ್ಟು ಹನ್ನೊಂದು ವರ್ಷ ಕೂಡಿಸಿದ ಹಣ. ನನಗೆ ಪಿತ್ತ ನೆತ್ತಿಗೇರಿತು.

"ಯಾರರೆ ಬಂದು ಒಂದ್ ಹೆಸರ ಹೇಳಿದ್ರ ಕೊಟ್ಟ ಬಿಡೋದಾ? ಅದು ಏನು ಅಂತರೆ ಗೊತ್ತದೇನು ನಿಮಗ? ಓದೀರೇನು?"

"ಓದೀವ್ರಿ. ಸವಿತಾ ಓದಿ ಹೇಳ್ಯಾಳ" ಎಂದು ಬಸ್ಸಮ್ಮ ಸೆರಗಿನ ಮರೆಯಿಂದ ಲ್ಯಾಮಿನೇಷನ್ ಮಾಡಿಸಿದ ಒಂದು ಹಾಳೆ ತೆಗೆದು ಮೇಜಿನ ಮೇಲಿಟ್ಟಳು.

ನನ್ನ ಲೇಖನದ ಮೊದಲ ಪುಟ. ನನ್ನದೇ ವಾಕ್ಯ, ಕೆಳಗೆ ಕೆಂಪು ಗೆರೆ: "ಕಳುಹಿಸಿದವರು, ಪಡೆದವರು, ಮೊತ್ತ, ಈ ಮೂರೂ ಹೊರಗಿನವರಿಗೆ ಕಾಣದಂತೆ ಇದನ್ನು ರೂಪಿಸಲಾಗಿದೆ." ಒಂದಕ್ಷರ ತಪ್ಪಿರಲಿಲ್ಲ. ಅಂಚಿನಲ್ಲಿ ತಾಳೆ ನೋಡಿದ ಸಿಕ್ಕಾ. ಅದರ ಮೇಲೆ ಹಸಿರು ಸಹಿ. ಎರಡು ಪುಟಗಳಲ್ಲಿ ಇದು ಒಂದನೆಯದು ಎಂದು ಮೂಲೆಯಲ್ಲಿ ಸಣ್ಣ ಅಂಕಿಯಿತ್ತು. ನನ್ನ ಸಹಿಯ ಬಾಲ ಅದರ ಮೇಲೇ ಹಾದುಹೋಗಿತ್ತು.

"ಅದಕ್ಕ ಈ ಹಾಳಿ ಕೊಟ್ಟ ಹಣಮೇಶ ರೊಕ್ಕಕ್ಕ ರಸೀದಿ ಕೊಡಲ್ಲಂತ್ರಿ" ಎಂದಳು ಬಸ್ಸಮ್ಮ. "ಬರ್ದು ಕೊಟ್ರ ಗುಟ್ಟು ಒಡೀತದಂತ. ನಮ್ಗೂ ಅದೇ ಬೇಕಾಗ್ಯದರಿ. ಎಷ್ಟ್ ರೊಕ್ಕ ಅದ ಅಂತ ಮನ್ಯಾಗ ಗಂಡಸ್ರಿಗಿ ಗೊತ್ತಾದ್ರ ಉಳೀತದೇನ್ರಿ?"

ಈ ಮಾತಿಗೆ ಮಾತ್ರ ನನಗೆ ನಗು ಬರಲಿಲ್ಲ. ನನ್ನ ಮೂವತ್ತೊಂದು ಆಕರಗಳಲ್ಲಿ ಯಾವುದೂ ಗುಟ್ಟು ಯಾಕೆ ಬೇಕೆಂದು ಇಷ್ಟು ಚೆನ್ನಾಗಿ ಹೇಳಿರಲಿಲ್ಲ.

ಅವಳನ್ನು ಕಳಿಸಿ ಕಂಪ್ಯೂಟರಿನ ಮುಂದೆ ಕೂತೆ. ಪರಿಮಳಾ ಮೇಡಂ ಕೇಳಿದ್ದ ಎರಡು ಸಾಲನ್ನು ಮೊದಲ ಪ್ಯಾರಾದಲ್ಲಿ ಸೇರಿಸಿದೆ. ಬದಲಾವಣೆಗೆ ಕಾರಣ ಬರೆಯುವ ಜಾಗದಲ್ಲಿ ಆಕೆಯ ಹೆಸರು ಹಾಕಿದೆ. ಹಾಕುವಾಗ ಕೈ ಹಿಂಜರಿದದ್ದು ಸುಳ್ಳಲ್ಲ. ಆಮೇಲೆ ಎರಡೂ ಪುಟ ಮುದ್ರಿಸಿಕೊಂಡು ನಾಲ್ಕಕ್ಕೆ ಅಡುಗೆಕೋಣೆಯ ಕಟ್ಟೆಗೆ ಹೋದೆ. ಹೆಂಗಸರೆಲ್ಲ ಬಂದಿದ್ದರು. ನಡುವೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಹಣಮೇಶ. ಬಸ್ಸಮ್ಮನ ಮಡಿಲಲ್ಲಿ ಗಂಟು.

"ಈ ಹಾಳಿ ಅರ್ಧ ಅದ" ಎಂದೆ. "ಉಳಿದರ್ಧ ನಾ ಓದ್ತೀನಿ." ಎರಡನೇ ಪುಟವನ್ನು ಮೊದಲಿಂದ ಕೊನೆಯವರೆಗೆ ಓದಿದೆ. ಬೆಲೆ ಒಂದೇ ವಾರದಲ್ಲಿ ಅರ್ಧಕ್ಕಿಳಿದದ್ದು, ಕಳೆದುಕೊಂಡವರಿಗೆ ದೂರು ಕೊಡಲು ಯಾವ ಕಚೇರಿಯೂ ಇಲ್ಲದಿರುವುದು, ಎಲ್ಲವನ್ನೂ. "ಗುಟ್ಟು ಇರೋದು ನಾಣ್ಯಕ್ಕ. ಅಂಗಡಿಯವ ರಸೀದಿ ಕೊಡಬಾರದು ಅಂತ ಇದರಾಗ ಎಲ್ಲೂ ಇಲ್ಲ. ಇವ ನಿಮ್ಮ ರೊಕ್ಕಾ ತಗೊಂಡು ನಾಣ್ಯಾ ಕೊಂಡಾನೋ ಇಲ್ಲೋ ಅದೂ ನಿಮಗ ಗೊತ್ತಾಗಲ್ಲ."

ಹಣಮೇಶ ನಕ್ಕ. ಹೇಳುವುದು ಶಾಸ್ತ್ರ, ಹಾಕುವುದು ಗಾಳ. ಅವನ ದನಿಯಲ್ಲಿ ಬೆಣ್ಣೆಯಿತ್ತು. "ಸರ, ನೀವು ದೊಡ್ಡವ್ರು. ಆದ್ರ ನಿನ್ನಿ ತಾಳೆ ನೋಡಿ ಸಹಿ ಮಾಡಿದವ್ರು ನೀವೇ ಅಲ್ಲೇನ್ರಿ? ಆಗ ಅರ್ಧ ಅದ ಅನ್ನಲಿಲ್ಲ. ಇವತ್ತ ಯಾರ್ ಏನ್ ಹೇಳಿಕೊಟ್ರು?"

ಹದಿನೆಂಟು ಮುಖ ನನ್ನ ಕಡೆ ತಿರುಗಿದವು. ಆ ಸಹಿ ನನ್ನದಲ್ಲ ಎನ್ನಬಹುದಿತ್ತು. ಹೆಡ್‌ಮಾಸ್ತರನ ಮಾತಿನ ಮುಂದೆ ಝೆರಾಕ್ಸ್ ಅಂಗಡಿಯವನ ಮಾತು ಯಾರು ನಂಬುತ್ತಿದ್ದರು? ಅವನು ಜೈಲಿಗೆ, ನಾನು ಮರ್ಯಾದೆಯಿಂದ ಮನೆಗೆ. ಹೇಳಲು ಬಾಯಿಯನ್ನೂ ತೆರೆದೆ. ಆದರೆ ಆಕರವಿಲ್ಲದ ಮಾತನ್ನು ಏಳು ವರ್ಷ ಅಳಿಸಿದ ಬಾಯಿ ಅದು, ಸುಳ್ಳು ಹೊರಬರಲಿಲ್ಲ.

"ಸಹಿ ನಂದೇ ಅದರಿ" ಎಂದೆ. "ಓದಿ ಮಾಡಿದ್ದಲ್ಲ. ಫೋನಿನಾಗ ಮಾತಾಡಕೋತ ಮಾಡೀನಿ. ನನ್ನ ಸಹಿ ನೋಡಿ ನಂಬಬ್ಯಾಡ್ರಿ."

ಹಣಮೇಶ ಬೈಕ್ ಹತ್ತಿ ಹೋದ. ಹೆಂಗಸರು ಒಬ್ಬೊಬ್ಬರಾಗಿ ಎದ್ದರು. ಹನ್ನೊಂದು ವರ್ಷದ ಉಳಿತಾಯ ಉಳಿಸಿದ್ದೇನೆ, ಒಂದು ಒಳ್ಳೆಯ ಮಾತಾದರೂ ಆಡುತ್ತಾರೆಂದು ಕಾದೆ. ಅಂಥ ಮನುಷ್ಯ ನಾನು.

ಬಸ್ಸಮ್ಮ ಗಂಟನ್ನು ಬಿಗಿಯಾಗಿ ಕಟ್ಟಿಕೊಂಡು ನನ್ನೆದುರು ಬಂದು ನಿಂತಳು. ಹೋದ ವರ್ಷ ನಿಂತಂತೆಯೇ.

"ಹಂಗಾದ್ರ ಸರ, ನಮ್ ಸವಿತಾನ ಮಾರ್ಕ್ಸ್ ಕಾರ್ಡಿಗಿ ಮಾಡಿದ್ದೂ ಓದಲಾರದ್ದೇ ಏನ್ರಿ?"

ಹೌದೆಂದು ತಲೆಯಾಡಿಸಿದೆ.

"ಕನ್ನಡದಾಗ ತೊಂಬತ್ತೆಂಟ ಬಂದಿತ್ರಿ" ಎಂದಳು. "ನೀವು ನೋಡೀರಿ ಅಂತ ಆಕಿಗಿ ಹೇಳಿದ್ದೆ."